ಬಿಪಿ ಮಾತ್ರೆಯ ಭಯ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಎದೆ ತೋರಿಸಿಕೊಳ್ಳಲು ಜನ ಮುಗಿಬಿದ್ದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರತೊಡಗಿದಾಗಲೂ ಹಾಗೇ ಆಯಿತು. ಮೈಸೂರಿನ ಜಯದೇವದ ಮುಂದೆ ಬೆಳಗಾಗುವ ಹೊತ್ತಿಗೇ ಉದ್ದ ಸಾಲು. ಎಲ್ಲರಿಗೂ ಇಸಿಜಿ ಆಗಬೇಕು, ಸಾಧ್ಯವಾದರೆ ಎಕೋ ಕೂಡ ಆಗಬೇಕು, ಏನೂ ಇಲ್ಲ ಎಂದು ಡಾಕ್ಟರ ಬಾಯಿಂದ ಕೇಳಿ ಮನೆಗೆ ಹೋಗಬೇಕು.

ಆ ಭಯ ಸುಳ್ಳಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ನಲವತ್ತರ ಆಸುಪಾಸಿನಲ್ಲಿರುವ ಯಾರಿಗೇ ಆದರೂ ಅಂಥ ಸುದ್ದಿ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಇಸಿಜಿ ಹೇಳುವುದು ಆ ಹೊತ್ತಿನ ಎದೆಬಡಿತದ ಸಂಗತಿಯನ್ನು ಮಾತ್ರ. ರಕ್ತನಾಳ ಸಾಕಷ್ಟು ಕಟ್ಟಿಕೊಂಡಿರುವವರ ಇಸಿಜಿಯೂ ಆರಾಮಾಗಿ ಮಲಗಿರುವಾಗ ಸರಿಯಾಗಿಯೇ ಬರಬಹುದು. ಹಾಸನದ ಸಾವುಗಳನ್ನು ಪರಿಶೀಲಿಸಿದ ಸರ್ಕಾರದ ತಜ್ಞರ ಸಮಿತಿ, ಅಸಹಜವಾದ ಏರಿಕೆಯೇನೂ ಕಾಣುತ್ತಿಲ್ಲ ಎಂದಿತು. ತೀರಿಕೊಂಡವರಲ್ಲಿ ಹಲವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕಿನ ಚಟ ಇದ್ದದ್ದನ್ನು ಗುರುತಿಸಿತು. ಅಂದರೆ ಅಪಾಯ ಬಂದದ್ದು ಎಲ್ಲರಿಗೂ ಗೊತ್ತಿರುವ ಹಳೆಯ ದಾರಿಯಲ್ಲೇ. ಆ ದಾರಿಯಲ್ಲಿ ಮೊದಲು ಕಾಣಸಿಗುವುದು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ. ಅದನ್ನು ನೋಡಿಸಿಕೊಳ್ಳಲು ಜಯದೇವದವರೆಗೆ ಹೋಗಬೇಕಾಗಿಲ್ಲ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಊರ ಆರೋಗ್ಯ ಕೇಂದ್ರದಲ್ಲಿ ಐದು ನಿಮಿಷದ ಕೆಲಸ.

ಆ ಐದು ನಿಮಿಷ ನಮಗೆ ಯಾಕೆ ಬೇಡವಾಗಿದೆ? ಅಂಕಿ ಹೆಚ್ಚು ಬಂದರೆ ಮಾತ್ರೆ ಶುರುವಾಗುತ್ತದೆ, ಮಾತ್ರೆ ಶುರುವಾದರೆ ಸಾಯುವ ತನಕ ಬಿಡಲಾಗುವುದಿಲ್ಲ ಎಂಬ ಅಂಜಿಕೆಯೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಒತ್ತಡಕ್ಕಿಂತ ಮಾತ್ರೆಗೆ ನಾವು ಹೆಚ್ಚು ಹೆದರುತ್ತೇವೆ. ನಮ್ಮ ಮನೆಗಳಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿಯುವ, ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಅಲೆಯುವ ಸಂಕಟಗಳಲ್ಲಿ ದೊಡ್ಡ ಪಾಲು ಈ ತಪ್ಪು ಅಂಜಿಕೆಯ ಫಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24ರಷ್ಟು, ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ ಬಿಪಿ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಜಗತ್ತಿನಲ್ಲಿ ಬಿಪಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ತಮಗದು ಇದೆ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೊತ್ತಾಗುವುದಾದರೂ ಹೇಗೆ? ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಮೇಲಿನ ಅಂಕಿ 170 ಇಟ್ಟುಕೊಂಡೇ ಮನುಷ್ಯ ಹೊಲ ಉಳುತ್ತಾನೆ, ಬಸ್ಸು ಓಡಿಸುತ್ತಾನೆ, ಮದುವೆ ಮನೆಯಲ್ಲಿ ಓಡಾಡಿ ಬಡಿಸುತ್ತಾನೆ. ಒಳಗೆ ಮಾತ್ರ, ತಾಳಿಕೆ ಮೀರಿದ ಒತ್ತಡದಲ್ಲಿ ನೀರು ಹರಿಯುವ ಪಂಪ್‌ಸೆಟ್ಟಿನ ಪೈಪಿನಂತೆ, ಮಿದುಳಿನ, ಕಣ್ಣಿನ, ಮೂತ್ರಪಿಂಡದ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಸವೆಯುತ್ತಿರುತ್ತವೆ. ಹೃದಯದ ಎಡಭಾಗದ ಸ್ನಾಯು ದಪ್ಪಗಾಗುತ್ತಾ ಹೋಗುತ್ತದೆ.

ವಯಸ್ಸಾದ ಮೇಲೆ ಬಿಪಿ ಸ್ವಲ್ಪ ಹೆಚ್ಚಿರುವುದು ಸಹಜ, ನೂರಕ್ಕೆ ವಯಸ್ಸು ಸೇರಿಸಿದಷ್ಟು ಇರಬಹುದು ಎಂಬ ಮಾತನ್ನು ಇವತ್ತಿಗೂ ನಮ್ಮ ಹಿರಿಯರು ನಂಬುತ್ತಾರೆ. ಅವರನ್ನು ದೂರುವಂತಿಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರೇ ಹಾಗೆ ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಿಪಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅವರ ಖಾಸಗಿ ವೈದ್ಯರಾಗಿದ್ದ ರಾಸ್ ಮ್ಯಾಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರು. ವಯಸ್ಸಿಗೆ ತಕ್ಕಂತೆಯೇ ಇದೆ ಎಂದು ಹೇಳುತ್ತಾ ಬಂದರು. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ಅದು 186/108 ಇತ್ತು, ಹೃದಯ ಆಗಲೇ ಸೋಲತೊಡಗಿತ್ತು. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ರೂಸ್‌ವೆಲ್ಟ್ ತೀರಿಕೊಂಡ ಹೊತ್ತಿನಲ್ಲಿ ದಾಖಲಾದ ಬಿಪಿ 300/190. ಲೋಕದ ಅತಿ ಬಲಿಷ್ಠ ದೇಶದ ಅಧ್ಯಕ್ಷರಿಗೆ ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಎನ್ನುವುದನ್ನು ಬಿಟ್ಟರೆ, ಬಿಪಿಯನ್ನು ಖಚಿತವಾಗಿ ಇಳಿಸುವ ಮದ್ದು ಅಂದಿನ ವೈದ್ಯಕೀಯದ ಬಳಿ ಇರಲಿಲ್ಲ. ಇವತ್ತು ತಾಲ್ಲೂಕು ಕೇಂದ್ರದ ಜನೌಷಧಿ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ಗುಳಿಗೆ ಅವರಿಗೆ ಸಿಕ್ಕಿರಲಿಲ್ಲ. ನಾವು ಹೆದರಿ ಪಕ್ಕಕ್ಕಿಡುತ್ತಿರುವುದು ಅದೇ ಗುಳಿಗೆಯನ್ನು.

ರೂಸ್‌ವೆಲ್ಟ್ ಸತ್ತ ಮೂರು ವರ್ಷಕ್ಕೆ, 1948ರಲ್ಲಿ, ಅದೇ ದೇಶದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ವಯಸ್ಸಿಗೆ ತಕ್ಕ ಬಿಪಿ ಎಂಬ ಸಮಾಧಾನ ಕುಸಿದು ಬಿದ್ದದ್ದು ಅಂಥ ಅಧ್ಯಯನಗಳಿಂದ. 40ರಿಂದ 69 ವರ್ಷದವರಲ್ಲಿ ಮೇಲಿನ ಅಂಕಿ 115ರಿಂದಾಚೆಗೆ 20 ಏರಿದಾಗಲೆಲ್ಲ ಹೃದಯದ ಕಾಯಿಲೆಯಿಂದಲೋ ಲಕ್ವದಿಂದಲೋ ಸಾಯುವ ಸಂಭವ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು, ಹತ್ತು ಲಕ್ಷ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ 2002ರಲ್ಲಿ ಇನ್ನಷ್ಟು ಖಚಿತವಾಯಿತು.

ಮಾತ್ರೆಯಿಂದ ಉಪಯೋಗವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1967ರಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೀಸ್ ಮತ್ತು ಅವರ ಸಂಗಡಿಗರು ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಗುಳಿಗೆ. ಔಷಧಿ ಸಿಗದವರಲ್ಲಿ ಸಾವು, ಲಕ್ವ, ಹೃದಯ ಸೋಲುವುದು, ಕಣ್ಣಿನ ರಕ್ತಸ್ರಾವ ಎಷ್ಟಾಯಿತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿ ಸಿಕ್ಕವರಲ್ಲಿ ಅಂಥವು ತೀರ ಅಪರೂಪ. ಆ ಪ್ರಯೋಗದಲ್ಲಿ ಕೊಟ್ಟ ಮೂರು ಔಷಧಿಗಳಲ್ಲಿ ಒಂದರ ಹೆಸರು ರೆಸರ್ಪಿನ್.

ರೆಸರ್ಪಿನ್ ಬಂದದ್ದು ನಮ್ಮ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ. ಬಿಹಾರದ ಕಡೆ ಹುಚ್ಚಿಗೆ ಮದ್ದೆಂದು ಕೊಡುತ್ತಿದ್ದ ಬೇರು ಅದು. 1930ರ ದಶಕದಲ್ಲಿ ನಮ್ಮ ವೈದ್ಯರು, ರಸಾಯನ ಶಾಸ್ತ್ರಜ್ಞರು ಅದರ ಬೆನ್ನು ಹತ್ತಿದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದನ್ನು ರೋಗಿಗಳಿಗೆ ಕೊಟ್ಟು, ಬಿಪಿಯನ್ನು ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಇಡೀ ಜಗತ್ತು ಈ ಬೇರಿನ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ಇದನ್ನು ಹೇಳಿದ್ದು ಹೆಮ್ಮೆಪಡಲಿಕ್ಕಾಗಿ ಅಲ್ಲ. ಇಂಗ್ಲಿಷ್ ಮದ್ದು ಉಷ್ಣ, ಗಿಡಮೂಲಿಕೆ ತಂಪು, ಮಾತ್ರೆ ದೇಹ ಕೆಡಿಸುತ್ತದೆ, ಕಷಾಯ ಏನೂ ಮಾಡುವುದಿಲ್ಲ ಎಂದು ನಾವು ಎರಡು ಗುಡ್ಡೆ ಮಾಡಿಕೊಂಡಿದ್ದೇವೆ. ಬಿಪಿಯ ಚರಿತ್ರೆಯಲ್ಲಿ ಆ ಎರಡು ಗುಡ್ಡೆಗಳಿಲ್ಲ. ಗಿಡದ ಬೇರೇ ಮಾತ್ರೆಯಾಯಿತು, ಪರೀಕ್ಷೆಗೆ ಕೂತಿತು, ಪಾಸಾಯಿತು. ಮುಂದೆ ಅದೇ ರೆಸರ್ಪಿನ್‌ನಿಂದ, ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ, ಕೆಲವರಿಗೆ ಮನಸ್ಸು ಕುಗ್ಗುವುದು ಕಂಡಿತು. ಅದಕ್ಕಿಂತ ಹಿತವಾದವು ಬಂದವು. ಅದು ಹಿಂದೆ ಸರಿಯಿತು. ಗಿಡದಿಂದ ಬಂದದ್ದೆಂಬ ರಿಯಾಯಿತಿ ಅದಕ್ಕೆ ಸಿಗಲಿಲ್ಲ, ಸಿಗಬಾರದು ಕೂಡ. ಮೊಬೈಲಿನಲ್ಲಿ ಹರಿದಾಡುವ ಬೆಳ್ಳುಳ್ಳಿ, ನಿಂಬೆಹಣ್ಣು, ಬಿಲ್ವಪತ್ರೆಯ ಉಪಾಯಗಳಿಗೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದನ್ನು ಕುಡಿದವರ ಬಿಪಿ ಅಳೆದವರು ಯಾರು, ಎಷ್ಟು ದಿನ ಅಳೆದರು, ಕುಡಿಯದವರ ಜೊತೆ ಹೋಲಿಸಿ ನೋಡಿದರೇ?

ಮಾತ್ರೆ ಶುರು ಮಾಡಿದವರ ಮನೆಯಲ್ಲಿ ನಡೆಯುವುದು ಇನ್ನೊಂದು ಕತೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಆರು ತಿಂಗಳು ನಿಷ್ಠೆಯಿಂದ ಮಾತ್ರೆ ನುಂಗಿದರು. 166 ಇದ್ದದ್ದು 128ಕ್ಕೆ ಇಳಿಯಿತು. "ನಾರ್ಮಲ್ ಬಂತಲ್ಲ, ಇನ್ಯಾಕೆ?" ಎಂದು ನಿಲ್ಲಿಸಿದರು. ಲೆಕ್ಕದ ಮೇಷ್ಟ್ರು, ಬುದ್ಧಿವಂತರು. ನಾರ್ಮಲ್ ಬಂದದ್ದು ಮಾತ್ರೆ ಒಳಗೆ ಹೋಗುತ್ತಿದ್ದುದರಿಂದ ಎಂದು ಮಗಳು ಎಷ್ಟು ಹೇಳಿದರೂ, ಜ್ವರ ಹೋದ ಮೇಲೂ ಜ್ವರದ ಮಾತ್ರೆ ನುಂಗುತ್ತಾರಾ ಎಂಬ ಒಂದೇ ಉತ್ತರ. ತಲೆ ಭಾರ ಅನ್ನಿಸಿದ ದಿನ ಒಂದು ನುಂಗುತ್ತಿದ್ದರು, ಹಗುರಾಗಿದ್ದ ದಿನ ಇಲ್ಲ. ಈ ತರ್ಕ ಅವರೊಬ್ಬರದಲ್ಲ. ಕಾಯಿಲೆ ಎಂದರೆ ಬಂದು ಹೋಗುವಂಥದ್ದು, ಮದ್ದು ಎಂದರೆ ಅದನ್ನು ಓಡಿಸುವಂಥದ್ದು ಎಂದು ತಲೆತಲಾಂತರದಿಂದ ತಿಳಿದುಕೊಂಡು ಬಂದಿದ್ದೇವೆ. ಮಲೇರಿಯಾ, ಭೇದಿ, ಟೈಫಾಯ್ಡ್ ಕಾಲದ ತಿಳಿವಳಿಕೆ ಅದು, ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಬಿಪಿ ಆ ಜಾತಿಯದಲ್ಲ. ತಲೆನೋವು, ತಲೆಸುತ್ತು, ಕೋಪ ಇವು ಯಾವುವೂ ಬಿಪಿಯ ಅಳತೆಗೋಲಲ್ಲ. 180 ಇದ್ದವರಿಗೆ ಏನೂ ಅನ್ನಿಸದೆ ಇರಬಹುದು, 120 ಇದ್ದವರಿಗೆ ತಲೆ ಸಿಡಿಯಬಹುದು. ಅನ್ನಿಸಿಕೆಯನ್ನು ನಂಬಿ ಮಾತ್ರೆ ನುಂಗುವುದು, ಬಿಡುವುದು ಮಾಡಿದರೆ ಅಂಕಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೆಲವು ಮಾತ್ರೆಗಳನ್ನಂತೂ ದಿಢೀರನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲಕ್ಕೆ ಹಾರುವುದೂ ಉಂಟು.

ಮಾತ್ರೆ ಮೂತ್ರಪಿಂಡ ಹಾಳು ಮಾಡುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ವಾಸ್ತವ ಬಹುಮಟ್ಟಿಗೆ ತಿರುಗುಮುರುಗು. ಮೂತ್ರಪಿಂಡ ಕೆಡಿಸುವ ಮುಖ್ಯ ಕಾರಣಗಳಲ್ಲಿ ಸಕ್ಕರೆ ಕಾಯಿಲೆಯ ಪಕ್ಕದಲ್ಲೇ ನಿಲ್ಲುವುದು ಹತೋಟಿಯಿಲ್ಲದ ಬಿಪಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳನ್ನು ಮೂತ್ರಪಿಂಡ ಉಳಿಸಲೆಂದೇ ಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಅಡ್ಡ ಪರಿಣಾಮವೇ ಇಲ್ಲ ಎಂದು ನಾನು ಹೇಳಲಾರೆ. ಅಮ್ಲೋಡಿಪಿನ್‌ನಿಂದ ಕೆಲವರ ಪಾದ ಊದುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್‌ನಿಂದ ಕೆಲವರಿಗೆ ಬಿಡದ ಒಣಕೆಮ್ಮು ಹತ್ತುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಸುಸ್ತಾಗಬಹುದು. ಇದನ್ನು ಮೊದಲೇ ಹೇಳಿ, ಹೀಗಾದರೆ ಬನ್ನಿ, ಬೇರೆ ಕೊಡುತ್ತೇನೆ ಎನ್ನುವ ವೈದ್ಯರ ರೋಗಿಗಳು ಮಾತ್ರೆ ಬಿಡುವುದಿಲ್ಲ. ಏನೂ ಹೇಳದೆ ಚೀಟಿ ಹರಿದುಕೊಟ್ಟರೆ, ಪಾದ ಊದಿದ ದಿನ ರೋಗಿ ತಾನೇ ತೀರ್ಮಾನ ಮಾಡಿಬಿಡುತ್ತಾನೆ. ಆ ತೀರ್ಮಾನಕ್ಕೆ ಅವನೊಬ್ಬನನ್ನೇ ಹೊಣೆ ಮಾಡುವುದು ಅನ್ಯಾಯ.

ಅಳೆಯುವ ರೀತಿಯನ್ನೂ ಒಮ್ಮೆ ನೋಡಬೇಕು. ಸಂಜೆ ಹೊತ್ತು ತುಂಬಿದ ಕ್ಲಿನಿಕ್ಕು. ಹೆಸರು ಕರೆದ ಕೂಡಲೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ ರೋಗಿ ಸ್ಟೂಲಿನ ಮೇಲೆ ಕೂರುತ್ತಾನೆ. ಬೆನ್ನಿಗೆ ಆನಿಕೆಯಿಲ್ಲ. ತೋಳು ಗಾಳಿಯಲ್ಲಿ. ಪಟ್ಟಿ ಅಂಗಿಯ ತೋಳಿನ ಮೇಲೆಯೇ ಸುತ್ತಿದ್ದಾಯಿತು. ಗಾಳಿ ತುಂಬುತ್ತಿರುವಾಗಲೇ "ನಿದ್ದೆ ಬರುತ್ತಾ? ಮೋಷನ್ ಆಗುತ್ತಾ?" ಪ್ರಶ್ನೆ, ಅದಕ್ಕೆ ಅವನ ಉದ್ದದ ಉತ್ತರ. ಪಕ್ಕದಲ್ಲಿ ಇನ್ನಿಬ್ಬರು ಕಾಯುತ್ತಾ ನಿಂತಿದ್ದಾರೆ. 156 ಎಂದು ಚೀಟಿಯಲ್ಲಿ ಬರೆದು ಮಾತ್ರೆ ಶುರು. ಈ ಅಂಕಿಯನ್ನು ನಂಬದೆ ಇರುವ ರೋಗಿಯ ಅನುಮಾನ ನ್ಯಾಯವಾದದ್ದು. ಐದು ನಿಮಿಷ ಸುಮ್ಮನೆ ಕೂತಿರಬೇಕು, ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿರಬಾರದು, ಮೂತ್ರ ಕಟ್ಟಿಕೊಂಡಿರಬಾರದು, ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಬರಿ ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಮಾತಿಲ್ಲ. ಎರಡು ಸಲ ನೋಡಿ ಸರಾಸರಿ ಹಿಡಿಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆ ಎಂದರೇ ಬಿಪಿ ಏರುವವರೂ ಇದ್ದಾರೆ. ಅವರು ಮನೆಯಲ್ಲಿ ತೋಳಿನ ಮೇಲ್ಭಾಗಕ್ಕೆ ಸುತ್ತುವ ಯಂತ್ರದಿಂದ ವಾರವೊಂದು ಬೆಳಿಗ್ಗೆ, ಸಂಜೆ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಸತ್ಯ ಹೊರಬೀಳುತ್ತದೆ. ಅಂಕಿ ತೀರ ಹೆಚ್ಚಿಲ್ಲದಿದ್ದರೆ, ಒಂದೇ ಒಂದು ಅವಸರದ ಅಳತೆಯಿಂದ ಯಾರೂ ಜೀವನಪೂರ್ತಿಯ ರೋಗಿಯಾಗಬೇಕಾಗಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಎಂಬ ತಕರಾರೂ ಇದೆ. ನಮ್ಮಲ್ಲಿ 140/90 ಗೆರೆ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಟನೆಗಳು ಅದನ್ನು 130/80ಕ್ಕೆ ಇಳಿಸಿದಾಗ, ಅಲ್ಲಿನ ಕೋಟಿಗಟ್ಟಲೆ ಜನ ರಾತ್ರಿ ಕಳೆಯುವುದರೊಳಗೆ ಬಿಪಿಯವರ ಪಟ್ಟಿಗೆ ಸೇರಿದರು. ಔಷಧ ಕಂಪನಿಗಳ ಲಾಭಕ್ಕಾಗಿ ರೋಗಿಗಳನ್ನು ಸೃಷ್ಟಿಸುತ್ತಿದ್ದಾರೆ ಎಂಬ ಟೀಕೆ ಎದ್ದಿತು, ಅದು ಕೇಳಬೇಕಾದ ಟೀಕೆಯೇ. 134 ಇರುವ ಬೇರಾವ ತೊಂದರೆಯೂ ಇಲ್ಲದ ಮನುಷ್ಯನಿಗೆ ಮೊದಲು ನಡಿಗೆ, ಉಪ್ಪು, ತೂಕದ ಮಾತಾಡಬೇಕು ಎಂಬುದನ್ನು ಆ ಗೆರೆ ಎಳೆದವರೂ ಒಪ್ಪುತ್ತಾರೆ. ಆದರೆ ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಮಾತ್ರೆ ಬೇಡ ಎಂದು ಹಟ ಹಿಡಿದವರಲ್ಲಿ ಎಷ್ಟೋ ಮಂದಿ 160, 170ರ ಮನೆಯಲ್ಲಿದ್ದಾರೆ. ಅಲ್ಲಿ ವೈದ್ಯರ ನಡುವೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಗೆರೆಯ ಅಂಚಿನ ಚರ್ಚೆಯನ್ನು ತೋರಿಸಿ ಗೆರೆಯಿಂದ ಬಹುದೂರ ಇರುವವರು ತಪ್ಪಿಸಿಕೊಳ್ಳಬಾರದು. ದಿನಾ ಬಿರುಸಾಗಿ ನಡೆದರೆ ನಾಲ್ಕೈದು ಅಂಕಿ ಇಳಿಯುತ್ತದೆ, ಒಂದು ಕಿಲೋ ತೂಕ ಇಳಿದರೆ ಸುಮಾರು ಒಂದು ಅಂಕಿ. 144 ಇದ್ದವರಿಗೆ ಇದು ಸಾಕಾಗಬಹುದು. 175 ಇದ್ದವರಿಗೆ ನಡಿಗೆಯೂ ಬೇಕು, ಮಾತ್ರೆಯೂ ಬೇಕು.

ಉಪ್ಪಿನ ವಿಷಯಕ್ಕೆ ಬಂದರೆ ನಮ್ಮ ಅಡುಗೆಮನೆಯನ್ನೇ ಕೇಳಬೇಕು. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನು ಅಳೆಯಲು ಯಂತ್ರ ಬೇಡ. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ ಆಯಿತು, ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಪೊಟ್ಟಣ ಕತ್ತರಿಸಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಟ್ಟರೆ ಗೊತ್ತಾಗುತ್ತದೆ. ಬಹಳ ಮನೆಗಳಲ್ಲಿ ತಿಂಗಳಿಗೆ ಮುಂಚೆಯೇ ಡಬ್ಬಿಯ ತಳ ಕಾಣುತ್ತದೆ. ಅದರ ಮೇಲೆ ಹೊರಗಿನ ಚಕ್ಕುಲಿ, ಖಾರಾಬೂಂದಿ, ಬಿಸ್ಕತ್ತು, ಅಂಗಡಿಯ ಉಪ್ಪಿನಕಾಯಿ ಬೇರೆ. ನಮ್ಮ ಊಟದಲ್ಲಿ ಉಪ್ಪು ಅವಿತುಕೊಳ್ಳದ ಜಾಗವಿಲ್ಲ: ಸಾರಿಗೆ, ಪಲ್ಯಕ್ಕೆ, ಚಪಾತಿ ಹಿಟ್ಟಿಗೆ, ಕೊನೆಗೆ ಮಜ್ಜಿಗೆಗೂ ಒಂದು ಚಿಟಿಕೆ, ಪಕ್ಕದಲ್ಲಿ ಹಪ್ಪಳ, ಬಾಳಕದ ಮೆಣಸಿನಕಾಯಿ, ಕರಾವಳಿಯಲ್ಲಾದರೆ ಒಣಮೀನು, ಉಪ್ಪುಸೊಳೆ. ಬೆವರು ಸುರಿಸಿ ದುಡಿದು ಗಂಜಿ, ಉಪ್ಪಿನಕಾಯಿ ಉಣ್ಣುತ್ತಿದ್ದವರ ನಾಲಿಗೆಯನ್ನೇ ಕುರ್ಚಿಯಲ್ಲಿ ಕೂತು ದುಡಿಯುವ ನಾವು ಉಳಿಸಿಕೊಂಡಿದ್ದೇವೆ. ಸೈಂಧವ ಲವಣ, ಗುಲಾಬಿ ಬಣ್ಣದ ಉಪ್ಪು ಎಂದು ಹೆಚ್ಚು ದುಡ್ಡು ಕೊಟ್ಟು ತಂದರೂ ಬಿಪಿಗೆ ವ್ಯತ್ಯಾಸವಿಲ್ಲ. ಅವೂ ಸೋಡಿಯಂ ಕ್ಲೋರೈಡೇ, ಎಷ್ಟೋ ಸಲ ಅಯೋಡಿನ್ ಇರುವುದಿಲ್ಲ ಅಷ್ಟೆ.

ಮನೆಯಲ್ಲಿ ಒಬ್ಬರಿಗೆ ಬಿಪಿ ಎಂದ ಕೂಡಲೆ ಅವರಿಗೊಂದು ಸಪ್ಪೆ ಸಾರು ಬೇರೆ ಮಾಡಿಡುವ ಪದ್ಧತಿ ನನಗೆ ಸರಿಯೆನಿಸುವುದಿಲ್ಲ. ಅದು ಅಡುಗೆ ಮಾಡುವವರಿಗೆ ಇಮ್ಮಡಿ ಕೆಲಸ, ಉಣ್ಣುವವರಿಗೆ ಶಿಕ್ಷೆ. ಎಲ್ಲರ ಸಾರಿಗೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಹುಣಸೆ, ನಿಂಬೆ, ಮೆಣಸು, ಒಗ್ಗರಣೆ ಆ ಕೊರತೆಯನ್ನು ತುಂಬುತ್ತವೆ. ಮಕ್ಕಳ ನಾಲಿಗೆ ಮೊದಲಿನಿಂದಲೇ ಹದವಾಗುತ್ತದೆ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪೂ ಈಗ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಅದನ್ನು ಬಳಸಿ ನೋಡಿದ ದೊಡ್ಡ ಪ್ರಯೋಗದಲ್ಲಿ ಲಕ್ವ ಶೇ. 14ರಷ್ಟು ಇಳಿದದ್ದು 2021ರಲ್ಲಿ ಪ್ರಕಟವಾಯಿತು. ಮೂತ್ರಪಿಂಡದ ತೊಂದರೆ ಇದ್ದವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಯಲ್ಲಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲವನ್ನೂ ಮನುಷ್ಯನ ಮನೋಬಲದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಾಗದು. ಕಟ್ಟಡದ ಕೂಲಿಗೆ ಹೋಗುವವನಿಗೆ ತಿಂಗಳಿಗೊಮ್ಮೆ ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಹೋದ ದಿನ "ಸ್ಟಾಕ್ ಇಲ್ಲ, ಮುಂದಿನ ವಾರ ಬಾ" ಎಂದರೆ ಅವನು ಮುಂದಿನ ವಾರ ಬರುವುದಿಲ್ಲ, ಅಲ್ಲಿಗೆ ಅವನ ಚಿಕಿತ್ಸೆ ಮುಗಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಜೊತೆಯಾಗಿ ಕೇರಳ, ಪಂಜಾಬ್, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣಗಳ ಕೆಲವು ಜಿಲ್ಲೆಗಳಲ್ಲಿ ಶುರುಮಾಡಿದ ಬಿಪಿ ಹತೋಟಿ ಕಾರ್ಯಕ್ರಮ ಕಲಿಸಿದ್ದು ಇದನ್ನೇ. ಅಲ್ಲಿ ಹೊಸ ಔಷಧಿಯೇನೂ ಇರಲಿಲ್ಲ. ಅವೇ ಮೂರು ನಾಲ್ಕು ಅಗ್ಗದ ಮಾತ್ರೆ, ಯಾವುದರ ನಂತರ ಯಾವುದು ಎಂಬ ಸರಳ ಪಟ್ಟಿ, ಮಾತ್ರೆ ಖಾಲಿಯಾಗದಂತೆ ಎಚ್ಚರ, ಬಾರದವರಿಗೆ ಫೋನ್ ಮಾಡಿ ಕರೆಯುವ ನರ್ಸ್. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ನಮ್ಮ ಕ್ಲಿನಿಕ್‌ಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಕೆಮ್ಮೆಂದು ಬಂದವರಿರಲಿ, ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದವರಿರಲಿ, ಮೂವತ್ತು ದಾಟಿದ ಪ್ರತಿಯೊಬ್ಬರ ಬಿಪಿ ನೋಡಿಯೇ ಕಳಿಸಬೇಕು. ಬಿಪಿ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಕು. ಗಂಡನ ಮಾತ್ರೆ ಒಯ್ಯಲು ಬಂದ ಹೆಂಗಸನ್ನೂ ಕೂರಿಸಿ ಅಳೆಯಬೇಕು. ಬಸುರಿಯಾಗಿದ್ದಾಗ ಬಿಪಿ ಏರಿತ್ತೇ ಎಂದು ಅವಳನ್ನು ಕೇಳಬೇಕು, ಏಕೆಂದರೆ ಹಾಗೆ ಏರಿದ್ದವರಿಗೆ ಮುಂದೆ ಬಿಪಿ, ಲಕ್ವ, ಹೃದಯದ ಕಾಯಿಲೆಯ ಸಂಭವ ಹೆಚ್ಚು. ಹೆರಿಗೆಯಾಗಿ ಮಗು ಶಾಲೆಗೆ ಹೋಗುವ ಹೊತ್ತಿಗೆ ಆ ಮಾತು ತಾಯಿ ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತದೆ, ಅವಳ ತೋಳಿಗೆ ಪಟ್ಟಿ ಸುತ್ತಿದವರು ಆಮೇಲೆ ಯಾರೂ ಇರುವುದಿಲ್ಲ.